ಹಸುವಿನ ಟ್ಯಾಗ್ ಸರಿಯಿದೆ, ಮನೆಯವರ ಪಟ್ಟಿ ಸರಿಯಿದೆಯೇ?

ಹಾಲು ಉತ್ಪಾದಕ ಸಹೋದರಿಯರೇ,

ಹಸುವಿನ ವಿಮೆಯ ವಿಷಯದಲ್ಲಿ ನೀವು ಎಷ್ಟು ಎಚ್ಚರದಿಂದಿರುತ್ತೀರಿ ಎಂಬುದನ್ನು ಪಶುವೈದ್ಯಾಧಿಕಾರಿಯಾಗಿ ನಾನು ದಿನವೂ ನೋಡುತ್ತೇನೆ. ಕಿವಿಯ ಟ್ಯಾಗ್ ಬಿದ್ದುಹೋದರೆ ಮರುದಿನ ಬೆಳಿಗ್ಗೆ ಹಾಲು ಹಾಕಲು ಬಂದಾಗಲೇ ಕಾರ್ಯದರ್ಶಿಗೆ ತಿಳಿಸುತ್ತೀರಿ. ವಿಮೆಯಿರುವ ಹಸು ಕೊಂಡರೆ ಕಾಗದವನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತೀರಿ. ರಾಸು ಸತ್ತರೆ ಹೂಳುವ ಮೊದಲೇ ನನಗೆ ಫೋನ್ ಬರುತ್ತದೆ. ಮರಣೋತ್ತರ ಪರೀಕ್ಷೆಯ ವರದಿಯಲ್ಲಿ 12 ಅಂಕಿಯ ಟ್ಯಾಗ್ ಸಂಖ್ಯೆ ಒಂದು ಅಂಕಿಯೂ ತಪ್ಪದಂತೆ ಬರೆದಿದ್ದೇನೆಯೇ ಎಂದು ಓದು ಬಾರದ ಅಜ್ಜಿಯೂ ಮೊಮ್ಮಗಳನ್ನು ಕರೆದು ಓದಿಸಿ ನೋಡುತ್ತಾಳೆ. ಟ್ಯಾಗ್ ಇಲ್ಲದಿದ್ದರೆ ಪರಿಹಾರವಿಲ್ಲ ಎಂಬುದನ್ನು ಯಾರೂ ನಿಮಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಈಗ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಮನೆಯ ಆರೋಗ್ಯ ಯೋಜನೆಯ ಕಾರ್ಡಿನಲ್ಲಿ ಯಾರ ಯಾರ ಹೆಸರಿದೆ? ಹೋದ ವರ್ಷ ಬಂದ ಸೊಸೆಯ ಹೆಸರಿದೆಯೇ? ಮೂರು ತಿಂಗಳ ಮೊಮ್ಮಗುವಿನದು? ಮದುವೆಯಾಗಿ ಹೋದ ಮಗಳ ಹೆಸರು ಇನ್ನೂ ಇಲ್ಲೇ ಇದೆಯೇ, ಅಥವಾ ಅವಳ ಗಂಡನ ಮನೆಯ ಪಟ್ಟಿಗೆ ಸೇರಿದೆಯೇ? ಥಟ್ಟನೆ ಉತ್ತರ ಹೇಳುವವರು ಕಡಿಮೆ.

ದನದ ಡಾಕ್ಟರಿಗೆ ಮನುಷ್ಯರ ವಿಮೆಯ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಆಸ್ಪತ್ರೆಯ ಬಿಲ್ಲು ಕೊನೆಗೆ ಬಂದು ನಿಲ್ಲುವುದು ಕೊಟ್ಟಿಗೆಯಲ್ಲಿ. ಹೋದ ಸಲ ಬಂದಾಗ ಇದ್ದ ಎರಡನೇ ಹಸು ಈ ಸಲ ಕಾಣದಿದ್ದರೆ ನಾನು ಕೇಳುತ್ತೇನೆ. ‘ಆಸ್ಪತ್ರೆಗೆ ಕಟ್ಟಬೇಕಿತ್ತು, ಕೊಟ್ಟುಬಿಟ್ಟೆವು’ ಎಂಬ ಉತ್ತರ ಎಷ್ಟೋ ಮನೆಗಳಲ್ಲಿ ಸಿಕ್ಕಿದೆ. ಅವಸರಕ್ಕೆ ಮಾರಿದ ಹಸುವಿಗೆ ಸರಿಯಾದ ಬೆಲೆಯೂ ಬರುವುದಿಲ್ಲ. ಅಂಥ ಮನೆಗಳಲ್ಲಿ ಕೆಲವರು ಯೋಜನೆಗೆ ಹಣ ಕಟ್ಟಿದವರೇ. ಕಾರ್ಡೂ ಇತ್ತು. ಕಾಯಿಲೆ ಬಿದ್ದವರ ಹೆಸರು ಮಾತ್ರ ಅದರಲ್ಲಿ ಇರಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ಕಾರ್ಡು ಮಾಡಿಸುವುದು ಅರ್ಧ ಕೆಲಸ. ಮನೆಯಲ್ಲಿ ಮದುವೆ, ಹೆರಿಗೆ, ಸಾವು, ನೌಕರಿ, ಪಾಲು ಆದಾಗಲೆಲ್ಲ ಪಟ್ಟಿಯನ್ನು ತಿದ್ದಿಸುವುದು ಉಳಿದ ಅರ್ಧ. ಆ ಉಳಿದ ಅರ್ಧ ಯಾರ ಕೆಲಸ ಎಂದು ನಾವು ಇನ್ನೂ ತೀರ್ಮಾನಿಸಿಲ್ಲ.

ನಮ್ಮ ಸಂಘದ ಬಾಗಿಲಿನಿಂದ ಬಂದ ಯೋಜನೆ

ಯಶಸ್ವಿನಿ ಯೋಜನೆ ಸಹಕಾರ ಸಂಘಗಳ ಸದಸ್ಯರಿಗಾಗಿಯೇ ಹುಟ್ಟಿದ್ದು. 2003ರ ಜೂನ್‌ನಲ್ಲಿ ಅದು ಜಾರಿಗೆ ಬಂದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ ಕಟ್ಟಿಸಿಕೊಳ್ಳುತ್ತಿದ್ದರು. ನಿಮ್ಮಲ್ಲಿ ಹಿರಿಯರಿಗೆ ಅದು ನೆನಪಿರಬಹುದು. 2018ರಲ್ಲಿ ನಿಂತುಹೋದ ಯೋಜನೆ ಮತ್ತೆ ಜಾರಿಯಾಗಿ, 2023ರ ಜನವರಿಯಿಂದ ಚಿಕಿತ್ಸೆ ಸಿಗತೊಡಗಿತು. ಮರುಜಾರಿಯಾದಾಗ ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ನಾಲ್ಕಕ್ಕಿಂತ ಹೆಚ್ಚಿನ ಪ್ರತಿಯೊಬ್ಬರಿಗೂ 100 ರೂಪಾಯಿ ಎಂದು ನಿಗದಿಯಾಯಿತು. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ರಕ್ಷಣೆ ಸಿಗುತ್ತದೆ.

ಐದನೆಯವರಿಗೆ 100 ರೂಪಾಯಿ ಎಂಬುದನ್ನು ಗಮನಿಸಿ. ಎಷ್ಟೋ ಮನೆಗಳಲ್ಲಿ ನಾಲ್ಕು ಹೆಸರು ತುಂಬಿದ ಕೂಡಲೇ ಪೆನ್ನು ಕೆಳಗಿಡುತ್ತಾರೆ. ಐದನೆಯವರು ಸಾಮಾನ್ಯವಾಗಿ ಯಾರು? ಅತ್ತೆ, ಅಥವಾ ಹೊಸ ಸೊಸೆ, ಅಥವಾ ಕೂಸು. 100 ರೂಪಾಯಿ ಅಂಥ ದೊಡ್ಡ ಮೊತ್ತವೇನಲ್ಲ.

ಇನ್ನೊಂದು ಯೋಜನೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. ಇದು ನಿಂತಿರುವುದು ಪಡಿತರ ಚೀಟಿಯ ಮೇಲೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ; ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಪಡಿತರ ಚೀಟಿಯಲ್ಲಿ ಹೆಸರಿಲ್ಲದವರನ್ನು ಈ ಯೋಜನೆಯೂ ಆ ಮನೆಯವರೆಂದು ಗುರುತಿಸಲಾರದು.

ಎರಡೂ ಯೋಜನೆಗಳು ನಡೆಯುವುದು ಹೆಸರಿನ ಪಟ್ಟಿಯ ಮೇಲೆ. ಆಸ್ಪತ್ರೆಯ ಕೌಂಟರಿನಲ್ಲಿ ಕುಳಿತವರು ‘ಇವಳು ನಮ್ಮ ಮನೆಯ ಸೊಸೆ’ ಎಂಬ ಮಾತನ್ನು ನಂಬಬಹುದು, ಕಂಪ್ಯೂಟರ್ ನಂಬುವುದಿಲ್ಲ.

ಮದುವೆ: ಎರಡು ಮನೆ, ಯಾವ ಪಟ್ಟಿಯೂ ಇಲ್ಲ

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ನಾವು ಬಿಡಬೇಕು ಎನ್ನುತ್ತೇವೆ. ಆದರೆ ಯೋಜನೆಯ ಕಾಗದ ಈಗಲೂ ಅದೇ ಗಾದೆಯಂತೆ ನಡೆಯುತ್ತದೆ. ಯಶಸ್ವಿನಿಯಲ್ಲಿ ಕುಟುಂಬ ಎಂದರೆ ಸೊಸೆಯೂ ಸೇರುತ್ತಾಳೆ, ಮದುವೆಯಾದ ಮಗಳು ಸೇರುವುದಿಲ್ಲ. ಅಂದಮೇಲೆ ಮಗಳ ಮದುವೆಯಾದ ದಿನದಿಂದ ಅವಳ ರಕ್ಷಣೆ ಗಂಡನ ಮನೆಯವರು ಬರೆಸುವ ಒಂದು ಸಾಲಿನ ಮೇಲೆ ನಿಂತಿರುತ್ತದೆ. ಅವರು ಬರೆಸದಿದ್ದರೆ ಅವಳು ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ.

ಈ ಅಂತರ ಬಹಳ ಅಪಾಯಕಾರಿಯಾಗುವುದು ಚೊಚ್ಚಲ ಹೆರಿಗೆಯಲ್ಲಿ. ನಮ್ಮ ಕಡೆ ಮೊದಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಕೆಲವೊಮ್ಮೆ ಬೇರೆ ಜಿಲ್ಲೆಯಿಂದ ಬಂದಿರುತ್ತಾಳೆ. ಬರುವಾಗ ಸೀರೆ, ಬಳೆ, ತಾಯಿ ಕಾರ್ಡು ಎಲ್ಲ ತರುತ್ತಾಳೆ; ಆರೋಗ್ಯ ಯೋಜನೆಯ ಕಾರ್ಡಿನ ಯೋಚನೆ ಯಾರಿಗೂ ಇರುವುದಿಲ್ಲ. ನಡುರಾತ್ರಿ ತೊಂದರೆಯಾಗಿ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಾಗಿ ಬಂದಾಗ, ಹೆಸರು ಯಾವ ಮನೆಯ ಪಟ್ಟಿಯಲ್ಲಿದೆ ಎಂದು ಎರಡೂ ಕಡೆಯ ಗಂಡಸರು ಫೋನಿನಲ್ಲಿ ವಿಚಾರಿಸುತ್ತಿರುತ್ತಾರೆ.

ನೀವು ಮಗಳನ್ನು ಕೊಟ್ಟವರಾದರೆ, ಮದುವೆಯಾದ ತಿಂಗಳಲ್ಲೇ ಬೀಗಿತ್ತಿಯ ಹತ್ತಿರ ಸಂಕೋಚವಿಲ್ಲದೆ ಕೇಳಿ: ‘ನಮ್ಮ ಹುಡುಗಿಯ ಹೆಸರು ಕಾರ್ಡಿಗೆ ಸೇರಿಸಿದಿರಾ?’ ಒಡವೆ ವಸ್ತ್ರದ ಲೆಕ್ಕ ಮಾತಾಡುವ ನಾವು ಇದನ್ನು ಮಾತಾಡಲು ನಾಚಬಾರದು. ನೀವು ಸೊಸೆಯನ್ನು ತಂದುಕೊಂಡವರಾದರೆ, ಅವರು ಕೇಳುವ ಮೊದಲೇ ಮಾಡಿ. ಇದಕ್ಕೆ ಮೊದಲ ಹೆಜ್ಜೆ ಪಡಿತರ ಚೀಟಿ. ಅವಳ ಹೆಸರನ್ನು ತವರಿನ ಚೀಟಿಯಿಂದ ತೆಗೆಸಿ, ನಿಮ್ಮ ಚೀಟಿಗೆ ಸೇರಿಸಬೇಕು. ಆಹಾರ ಇಲಾಖೆ ತಿದ್ದುಪಡಿಗೆ ಅವಕಾಶ ಕೊಟ್ಟ ದಿನಗಳಲ್ಲಿ ಗ್ರಾಮ ಒನ್ ಕೇಂದ್ರದಲ್ಲಿ ಈ ಕೆಲಸ ಆಗುತ್ತದೆ. ಆಧಾರ್‌ನಲ್ಲಿ ವಿಳಾಸ ಬದಲಿಸುವುದಿದ್ದರೆ ಅದನ್ನೂ ಆಗಲೇ ಮುಗಿಸಿ. ಮದುವೆಯ ನಂತರ ಹೆಸರು ಬದಲಿಸಿದ್ದರೆ ಎಲ್ಲ ಕಾಗದದಲ್ಲೂ ಒಂದೇ ಹೆಸರಿರಲಿ. ಒಂದು ಕಡೆ ಗೌರಮ್ಮ, ಇನ್ನೊಂದು ಕಡೆ ಗೌರಿ ಎಂದಿದ್ದರೆ ಕೌಂಟರಿನಲ್ಲಿ ಅರ್ಧ ದಿನ ಹೋಗುತ್ತದೆ.

ಹೆರಿಗೆ: 21 ದಿನ ನೆನಪಿಡಿ

ಕರು ಹುಟ್ಟಿದ್ದನ್ನು ನೀವು ನನ್ನ ದಾಖಲೆಗೆ ಬರೆಸುತ್ತೀರಿ. ಮಗು ಹುಟ್ಟಿದ್ದನ್ನು ಬರೆಸಲು ಕಾನೂನು ಕೊಟ್ಟಿರುವ ಅವಧಿ 21 ದಿನ. ಅಷ್ಟರೊಳಗೆ ಜನನ ನೋಂದಣಿಗೆ ಶುಲ್ಕವಿಲ್ಲ. ಆಮೇಲೆ ದಂಡ ಶುಲ್ಕ, ಅಲೆದಾಟ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಬಿಡುಗಡೆಯ ದಿನವೇ ಪ್ರಮಾಣಪತ್ರದ ವಿಷಯ ಕೇಳಿ. ಆ ಪತ್ರವಿದ್ದರೆ ಮಗುವಿನ ಆಧಾರ್, ಪಡಿತರ ಚೀಟಿ, ಆರೋಗ್ಯ ಕಾರ್ಡು ಒಂದರ ಹಿಂದೆ ಒಂದು ಆಗುತ್ತವೆ. ನಾಮಕರಣ ಆಗಲಿ ಎಂದು ಕಾಯುವ ಅಗತ್ಯವಿಲ್ಲ. ಹೆಸರಿಲ್ಲದೆಯೂ ಜನನ ನೋಂದಾಯಿಸಬಹುದು, ಹೆಸರನ್ನು ನಂತರ ಸೇರಿಸಬಹುದು.

ಸಾವು: ಸದಸ್ಯರೇ ಹೋದಾಗ

ಇದನ್ನು ಬರೆಯುವುದು ಕಷ್ಟ, ಆದರೂ ಬರೆಯಲೇಬೇಕು. ಯಶಸ್ವಿನಿಯಲ್ಲಿ ಇಡೀ ಕುಟುಂಬ ಸೇರುವುದು ಸಂಘದ ಸದಸ್ಯರೊಬ್ಬರ ಬೆನ್ನ ಹಿಂದೆ. ಮಹಿಳಾ ಸಂಘದಲ್ಲಿ ಆ ಸದಸ್ಯೆ ನೀವೇ. ಗಂಡ, ಮಕ್ಕಳು, ಸೊಸೆ ಎಲ್ಲರ ಹೆಸರೂ ನಿಮ್ಮ ಹೆಸರಿನ ಕೆಳಗಿದೆ. ನಿಮ್ಮ ನಂತರ ಮನೆಯಲ್ಲಿ ಸಂಘದ ಸದಸ್ಯರು ಯಾರೂ ಇಲ್ಲದಿದ್ದರೆ, ಮುಂದಿನ ವರ್ಷ ಹೆಸರು ಬರೆಸಲು ಆ ಮನೆಗೆ ಬಾಗಿಲೇ ಇರುವುದಿಲ್ಲ. ಗಂಡಸರೂ ಹೆಂಗಸರೂ ಇರುವ ಸಂಘವಾಗಿದ್ದು ಸದಸ್ಯತ್ವ ಗಂಡನ ಹೆಸರಿನಲ್ಲಿದ್ದರೆ, ಹಾಲು ಕರೆದು ಹಾಕುವವರು ನೀವೇ ಆಗಿದ್ದರೂ ಅವರ ನಂತರ ನಿಮಗೆ ಅದೇ ಸ್ಥಿತಿ.

ಆದ್ದರಿಂದ ಈಗಲೇ ಎರಡು ಕೆಲಸ ಮಾಡಿ. ನಿಮ್ಮ ಷೇರಿಗೆ ನಾಮಿನಿ ಯಾರೆಂದು ಸಂಘದ ಪುಸ್ತಕದಲ್ಲಿ ನೋಡಿಸಿ. ಇಪ್ಪತ್ತು ವರ್ಷದ ಹಿಂದೆ ಬರೆಸಿದ ನಾಮಿನಿ ಈಗ ಇಲ್ಲದಿರಬಹುದು. ಎರಡನೆಯದು, ಕೊಟ್ಟಿಗೆಯ ಕೆಲಸ ಮಾಡುವ ಸೊಸೆಯನ್ನೋ ಮಗಳನ್ನೋ ಸದಸ್ಯೆಯಾಗಿ ಮಾಡಲು ಸಾಧ್ಯವೇ ಎಂದು ಸಂಘದಲ್ಲಿ ಕೇಳಿ. ಯಶಸ್ವಿನಿಗೆ ಸೇರಲು ಸದಸ್ಯತ್ವ ಪಡೆದು ಕೆಲವು ತಿಂಗಳಾಗಿರಬೇಕು, ಹಾಗಾಗಿ ನೋಂದಣಿ ಶುರುವಾದ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ.

ಮರಣ ನೋಂದಣಿಗೂ ಅದೇ 21 ದಿನದ ಲೆಕ್ಕ. ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಹತ್ತು ದಿನ ಉಳಿದಿರುತ್ತದೆ. ದುಃಖದ ಮನೆಯಲ್ಲಿ ಕಾಗದದ ಮಾತು ಎತ್ತಲು ಮನಸ್ಸಾಗುವುದಿಲ್ಲ ನಿಜ. ಆ ಕೆಲಸವನ್ನು ಪಕ್ಕದ ಮನೆಯ ಸದಸ್ಯೆ, ಅಥವಾ ಸಂಘದ ನಿರ್ದೇಶಕಿ ವಹಿಸಿಕೊಳ್ಳಲಿ. ಸಹಕಾರ ಎಂಬ ಮಾತಿಗೆ ಇದಕ್ಕಿಂತ ನೇರವಾದ ಅರ್ಥ ನನಗೆ ತೋಚುವುದಿಲ್ಲ.

ಮರಳಿ ಬಂದ ಮಗಳು

ಗಂಡ ಬಿಟ್ಟನೆಂದೋ, ಅಲ್ಲಿ ಬಾಳಲಾಗದೆಂದೋ ಮಗಳು ತವರಿಗೆ ಮರಳಿರುವ ಮನೆಗಳು ಪ್ರತಿ ಊರಿನಲ್ಲೂ ಇವೆ. ಅವಳ ಹೆಸರು ಗಂಡನ ಮನೆಯ ಚೀಟಿಯಲ್ಲಿ ಸಿಕ್ಕಿಕೊಂಡಿರುತ್ತದೆ, ಅಥವಾ ಎಲ್ಲಿಯೂ ಇರುವುದಿಲ್ಲ. ನಾಚಿಕೆಯಿಂದ ಮನೆಯವರು ಈ ವಿಷಯವನ್ನು ಸಂಘದ ಮುಂದೆ ತರುವುದಿಲ್ಲ. ಅವಳಿಗೆ ಬೇಕಾಗಿರುವುದು ಕಾಗದ. ಊರಿನವರ ಕನಿಕರದಿಂದ ಆಸ್ಪತ್ರೆಯ ಬಿಲ್ಲು ಕಡಿಮೆಯಾಗುವುದಿಲ್ಲ.

ಅವಳಿಗೆ ನನ್ನ ಸಲಹೆ ಒಂದೇ: ಒಂದು ಹಸು, ಸಂಘದಲ್ಲಿ ಸ್ವಂತ ಸದಸ್ಯತ್ವ. ಆಗ ಅವಳು ಯಾರ ಮಗಳು, ಯಾರ ಹೆಂಡತಿ ಎಂದು ಅರ್ಜಿಯಲ್ಲಿ ಹುಡುಕಬೇಕಾಗಿಲ್ಲ. ಅವಳೇ ಪ್ರಧಾನ ಸದಸ್ಯೆ, ಅವಳ ಮಕ್ಕಳ ಹೆಸರು ಅವಳ ಕೆಳಗೆ. ಅಪ್ಪನ ಮನೆಯ ಹಾಲಿನಲ್ಲಿ ಒಂದು ಹಸುವಿನ ಹಾಲನ್ನು ಅವಳ ಹೆಸರಿನಲ್ಲಿ ಹಾಕಲು ಬಿಟ್ಟರೆ ತವರಿನವರಿಗೆ ಆಗುವ ನಷ್ಟ ದೊಡ್ಡದಲ್ಲ.

ಮಗನ ನೌಕರಿ

ಮಗ ಕಾರ್ಖಾನೆಗೆ ಸೇರಿ ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದರೆ ಸಾಮಾನ್ಯವಾಗಿ ಇಎಸ್‌ಐಗೆ ಬರುತ್ತಾನೆ. ಅವನ ಹೆಂಡತಿ, ಮಕ್ಕಳು, ಹಾಗೂ ಆದಾಯ ಮಿತಿಯೊಳಗಿದ್ದು ಅವನನ್ನೇ ಅವಲಂಬಿಸಿರುವ ತಂದೆ ತಾಯಿಗೂ ಅಲ್ಲಿ ಚಿಕಿತ್ಸೆ ಸಿಗುತ್ತದೆ. ಅದಕ್ಕೂ ಹೆಸರು ಬರೆಸಬೇಕು. ಎಷ್ಟೋ ಹುಡುಗರು ಮದುವೆಗೆ ಮೊದಲು ಕೆಲಸಕ್ಕೆ ಸೇರಿದವರು. ಹೆಂಡತಿಯ ಹೆಸರನ್ನು ಇನ್ನೂ ಸೇರಿಸಿರುವುದಿಲ್ಲ. ಹಬ್ಬಕ್ಕೆ ಬಂದಾಗ ಕೇಳಿ.

ಹಾಗೆಯೇ, ನೌಕರಿ ಸಿಕ್ಕಿತೆಂದು ಮನೆಯವರೆಲ್ಲರ ಯಶಸ್ವಿನಿಯನ್ನು ಬಿಟ್ಟುಬಿಡಬೇಡಿ. ಕೆಲಸ ಹೋದರೆ ಕೆಲಸದ ಜೊತೆ ಬಂದ ರಕ್ಷಣೆಯೂ ಹೆಚ್ಚು ಕಾಲ ಉಳಿಯುವುದಿಲ್ಲ. ಮಗನಿಗೆ ಸರ್ಕಾರಿ ಕೆಲಸ ಸಿಕ್ಕರೆ ಮಾತು ಬೇರೆ. ಸರ್ಕಾರಿ ನೌಕರರು ಯಶಸ್ವಿನಿಗೆ ಅರ್ಹರಲ್ಲ. ಅದನ್ನು ಮುಚ್ಚಿಡದೆ ಸಂಘಕ್ಕೆ ತಿಳಿಸಿ.

ಖಾಸಗಿ ಕಂಪನಿಯ ವಿಮೆ ಮಾಡಿಸಿದವರಿಗೆ ಒಂದು ಮಾತು. ಅಲ್ಲಿ ಹಣ ಕಟ್ಟಿದ ಮರುದಿನವೇ ಎಲ್ಲಕ್ಕೂ ರಕ್ಷಣೆ ಇರುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೆ ಕಾಯಿಸಬಹುದು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಮಿತಿ ಹಾಕಿದೆ. ಹೆರಿಗೆ ಖರ್ಚಿಗೂ ಹೆಚ್ಚಿನ ಪಾಲಿಸಿಗಳಲ್ಲಿ ಕಾಯುವ ಅವಧಿ ಇದೆ. ಸೊಸೆ ಬಸುರಿಯಾದ ಮೇಲೆ ಸೇರಿಸಿದರೆ ಆ ಹೆರಿಗೆಗೆ ಅದು ಒದಗುವುದಿಲ್ಲ. ಮದುವೆಯಾದ ಕೂಡಲೇ ಸೇರಿಸಿ. ಸಕ್ಕರೆ ಕಾಯಿಲೆ, ಬಿಪಿ ಇದ್ದರೆ ಇದೆ ಎಂದೇ ಬರೆಸಿ. ಕೆಚ್ಚಲು ಬಾವು ಬಂದ ಹಸುವನ್ನು ಮುಚ್ಚಿಟ್ಟು ಮಾರಿದವರನ್ನು ನಾವು ಏನೆನ್ನುತ್ತೇವೋ, ಕಾಯಿಲೆ ಮುಚ್ಚಿಟ್ಟವರನ್ನು ಕಂಪನಿಯೂ ಅದನ್ನೇ ಎನ್ನುತ್ತದೆ, ಹಣ ಕೊಡುವುದಿಲ್ಲ.

ಸಂಘ ಮತ್ತು ಸರ್ಕಾರ ಮಾಡಬೇಕಾದದ್ದು

ಇದಿಷ್ಟೂ ನಿಮ್ಮ ಹೆಗಲ ಮೇಲೇ ಇರಬೇಕೆಂದು ನಾನು ಹೇಳುವುದಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹಾಲು ಕರೆಯುವವರಿಗೆ ಕಚೇರಿ ಅಲೆಯಲು ಸಮಯವೆಲ್ಲಿ?

ಹಸು ಕರು ಹಾಕಿದರೆ ಬರೆದುಕೊಳ್ಳಲು ಸಂಘದಲ್ಲಿ ಪುಸ್ತಕವಿದೆ. ಸದಸ್ಯೆಯ ಮನೆಯಲ್ಲಿ ಮದುವೆ, ಹೆರಿಗೆ, ಸಾವು ಆದರೆ ಬರೆದುಕೊಳ್ಳಲು ಇಲ್ಲ. ಅದಕ್ಕೂ ಒಂದು ಪುಸ್ತಕವಿರಲಿ. ಬಟವಾಡೆಯ ದಿನ ಹೇಗೂ ಎಲ್ಲರೂ ಬರುತ್ತಾರೆ. ‘ಮನೆಯಲ್ಲಿ ಏನಾದರೂ ಬದಲಾಯಿತೇ?’ ಎಂದು ಕಾರ್ಯದರ್ಶಿ ಒಂದು ಮಾತು ಕೇಳಿ ಒಂದು ಸಾಲು ಬರೆದಿಟ್ಟರೆ, ನೋಂದಣಿ ಶುರುವಾದ ದಿನ ಯಾರ ಹೆಸರು ಸೇರಬೇಕು, ಯಾರದು ತೆಗೆಯಬೇಕು ಎಂಬುದು ಸಿದ್ಧವಾಗಿರುತ್ತದೆ. ಹಳೆಯ ವರ್ಷದ ಪಟ್ಟಿಯನ್ನೇ ನಕಲು ಮಾಡಿ ಕಳಿಸುವ ರೂಢಿ ನಿಲ್ಲುತ್ತದೆ.

ಸರ್ಕಾರಕ್ಕೆ ಹೇಳಬೇಕಾದದ್ದೂ ಇದೆ. ಯಶಸ್ವಿನಿಗೆ ನೋಂದಣಿ ವರ್ಷಕ್ಕೊಂದು ಅವಧಿಯಲ್ಲಿ ನಡೆಯುತ್ತದೆ. ಬೇಸಿಗೆಯ ಲಗ್ನದಲ್ಲಿ ಮದುವೆಯಾಗಿ ಬಂದ ಸೊಸೆ ಮುಂದಿನ ನೋಂದಣಿಗೆ ಕಾಯಬೇಕಾದರೆ ಅಷ್ಟರೊಳಗೆ ಅವಳ ಹೆರಿಗೆಯ ದಿನಗಳೇ ಬಂದುಬಿಡಬಹುದು. ಯಾವಾಗ ಬೇಕಾದರೂ ಸೇರಿಸಲು ಬಿಟ್ಟರೆ ಕಾಯಿಲೆ ಬಿದ್ದ ಮೇಲೆಯೇ ಜನ ಸೇರುತ್ತಾರೆ, ಯೋಜನೆ ಮುಳುಗುತ್ತದೆ ಎಂಬ ವಾದ ಇದೆ. ಆ ಭಯ ಸರಿಯಾದದ್ದೇ. ಹಸು ಮಲಗಿದ ಮೇಲೆ ವಿಮೆ ಮಾಡಿಸಲು ಬಂದವರಿಗೆ ನಾನೂ ಸಹಿ ಹಾಕುವುದಿಲ್ಲ. ಆದರೆ ಮದುವೆಯನ್ನಾಗಲಿ ಹೆರಿಗೆಯನ್ನಾಗಲಿ ಯಾರೂ ಕಾಯಿಲೆ ನೋಡಿಕೊಂಡು ಮಾಡುವುದಿಲ್ಲ. ಮದುವೆ ಅಥವಾ ಜನನದ ಪ್ರಮಾಣಪತ್ರ ತೋರಿಸಿ, ಆ ದಿನದಿಂದ 30 ದಿನದೊಳಗೆ 100 ರೂಪಾಯಿ ಕಟ್ಟಿ ಹೆಸರು ಸೇರಿಸುವ ಅವಕಾಶ ನಿಯಮದಲ್ಲಿಯೇ ಇರಬೇಕು. ಇದರಿಂದ ಯೋಜನೆ ಮುಳುಗದು. ವಾರ್ಷಿಕ ಮಹಾಸಭೆಯಲ್ಲಿ ಹಾಲಿನ ದರದ ಬಗ್ಗೆ ಗಟ್ಟಿಯಾಗಿ ಮಾತಾಡುವ ನೀವು ಈ ಸಲ ಇದನ್ನೂ ಠರಾವಿಗೆ ತನ್ನಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ಮಾಡೋಣ. ಮುಂದಿನ ಬಟವಾಡೆಗೆ ಬರುವಾಗ ಪಾಸ್ ಪುಸ್ತಕದ ಜೊತೆ ಪಡಿತರ ಚೀಟಿ, ಯಶಸ್ವಿನಿ ಕಾರ್ಡು, ಆಯುಷ್ಮಾನ್ ಕಾರ್ಡುಗಳನ್ನೂ ತನ್ನಿ. ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಊಟಕ್ಕೆ ಕುಳಿತವರನ್ನು ಬೆರಳಲ್ಲಿ ಎಣಿಸಿ. ಕಾರ್ಡಿನ ಹೆಸರುಗಳನ್ನು ಓದಿಸಿ. ಎರಡೂ ಲೆಕ್ಕ ಹೊಂದದಿದ್ದರೆ ಅಲ್ಲಿಯೇ ಕಾರ್ಯದರ್ಶಿಗೆ ಹೇಳಿ ಬರೆಸಿ. ನಾನು ನಿಮ್ಮೂರಿಗೆ ಬಂದಾಗ ಹಸುವಿನ ಟ್ಯಾಗ್ ನೋಡಿದ ಮೇಲೆ ಇದನ್ನೂ ಕೇಳುತ್ತೇನೆ.